ಹಳೆಯ ಫಿಯಾಟು ನೋಡಲು ಹೋದದ್ದು

ಮುಂಬಯಿಯಲ್ಲಿ ಮೂವತ್ತು ವರ್ಷ ಲೋಕಲ್ ಗಾಡಿ, ಬೆಸ್ಟ್ ಬಸ್ಸು, ಟ್ಯಾಕ್ಸಿಗಳನ್ನೇ ನಂಬಿ ಬಾಳಿದ ನಾವು 2024ರ ಚಳಿಗಾಲದಲ್ಲಿ ಒಂದು ಕಾರು ಕೊಳ್ಳಲು ಹೊರಟೆವು. ಅದೂ ಹೊಸದಲ್ಲ, ನಮ್ಮ ಮಗಳಿಗಿಂತ ವಯಸ್ಸಿನಲ್ಲಿ ಹಿರಿದಾದ ಹಳೆಯ ಫಿಯಾಟು. ವಾಚಕರು ನಕ್ಕರೆ ನಮಗೆ ಬೇಸರವಿಲ್ಲ. ನಮ್ಮ ಕಟ್ಟಡದವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ಕೊಂಡೆವೋ ಇಲ್ಲವೋ ಎಂಬುದು ಕೊನೆಗಿರಲಿ. ಕೊಳ್ಳುವ ಮುಂಚೆ ನೋಡುವುದೆಂದರೇನು ಎಂಬುದನ್ನು ಕಲಿಯಲು ನಾವು ಮೂರು ಕಡೆ ತಿರುಗಬೇಕಾಯಿತು: ಒಂದು ಕಡಲ ದಂಡೆ, ಒಂದು ಹೊಳೆಯ ದಂಡೆ, ಒಂದು ಘಟ್ಟದ ಮೇಲಿನ ಊರು. ಆ ತಿರುಗಾಟದ ಕಥೆಯಿದು.

ಇದಕ್ಕೆಲ್ಲ ಕಾರಣ ನಮ್ಮ ಅವ್ವ. 1968ರಲ್ಲಿ ಮದುವೆಯಾಗಿ, ಧಾರವಾಡದಿಂದ ಹೊರಟು, ಪುಣೆಯಲ್ಲಿ ಗಾಡಿ ಬದಲಿಸಿ ಬೋರಿಬಂದರಿನಲ್ಲಿ ಇಳಿದಾಗ ಆಕೆಗೆ ಇಪ್ಪತ್ತೊಂದು ವರ್ಷ. ನಿಲ್ದಾಣದ ಹೊರಗೆ ಕಪ್ಪು–ಹಳದಿ ಬಣ್ಣದ ಫಿಯಾಟ್ ಟ್ಯಾಕ್ಸಿ ನಿಂತಿತ್ತು. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ತವರಿನಿಂದ ತಂದ ಹಪ್ಪಳದ ಡಬ್ಬಿ ಎಲ್ಲವೂ ಅದರೊಳಗೆ ಹಿಡಿದವು. ಚಾಲಕನು ಕೈ ಹೊರಗೆ ಚಾಚಿ, ಕಾರಿನ ಹೊರಮೈಗೆ ಹೊಂದಿಸಿದ್ದ ಮೀಟರಿನ ಬಾವುಟವನ್ನು ಕೆಳಕ್ಕೆ ತಿರುಗಿಸಿದಾಗ ‘ಟಿಂಗ್’ ಎಂದಿತಂತೆ. ‘ಮುಂಬಯಿ ನನ್ನ ಕೂಡ ಆಡಿದ ಮೊದಲನೇ ಮಾತು ಅದು’ ಎಂದು ಅವ್ವ ಈಗಲೂ ಹೇಳುವುದುಂಟು.

ಆ ಫಿಯಾಟಿನ ಕಥೆಯೂ ಮುಂಬಯಿಯದೇ. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯು ಕುರ್ಲಾದ ತನ್ನ ಕಾರಖಾನೆಯಲ್ಲಿ ಇಟಲಿಯ ಫಿಯಾಟ್ ಕಾರುಗಳನ್ನು ಕಟ್ಟತೊಡಗಿತು. 1964ರಲ್ಲಿ ‘ಡಿಲೈಟ್’ ಬಂತು. 1974ರಲ್ಲಿ ಅದೇ ಕಾರಿಗೆ ಚಿತ್ತೋಡದ ರಾಣಿಯ ಹೆಸರಿಟ್ಟು ‘ಪ್ರೀಮಿಯರ್ ಪದ್ಮಿನಿ’ ಎಂದರು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಾಟೇ. ಸುಮಾರು 2000ದ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬಯಿಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ತಾಡದೇವದ ಕಚೇರಿಯಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಲ್ಲಿ ಇಪ್ಪತ್ತೇ ವರ್ಷದ ಆಯುಸ್ಸು. ಹಾಗಾಗಿ 2023ರ ಅಕ್ಟೋಬರ್ 30ರಿಂದ ಆ ಟ್ಯಾಕ್ಸಿಗಳು ರಸ್ತೆಯಿಂದ ಮರೆಯಾದವು.

ಆ ದಿನದ ಪತ್ರಿಕೆಯನ್ನು ಅವ್ವ ಎರಡು ಸಲ ಓದಿದಳು. ಕನ್ನಡಕ ತೆಗೆದು ಮಡಿಚಿಟ್ಟು, ‘ಒಂದ್ಸಲ ಕೂಡಬೇಕಾಗಿತ್ತು. ಈಗಿನ ಗಾಡ್ಯಾಗ ಕೂತರ ಬಾವ್ಯಾಗ ಇಳಿದ್ಹಂಗ ಆಗತದ’ ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಅವ್ವ ಎತ್ತದ ಮಾತು ಮನೆಯಲ್ಲಿ ಹೆಚ್ಚು ದಿನ ಉಳಿಯುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ನಾವು ಠೇವಣಿಯೊಂದನ್ನು ಮುರಿದು ಎರಡು ಲಕ್ಷ ರೂಪಾಯಿ ಕೈಯಲ್ಲಿ ಹಿಡಿದು ಕೂತಿದ್ದೆವು. ನಮ್ಮಿಬ್ಬರಲ್ಲಿ ಒಬ್ಬರಿಗೆ ಉತ್ಸಾಹ, ಇನ್ನೊಬ್ಬರಿಗೆ ವಿವೇಕ. ಯಾರಿಗೆ ಯಾವುದೆಂಬುದನ್ನು ಇಲ್ಲಿ ಬರೆದು ಸಂಸಾರ ಕೆಡಿಸಿಕೊಳ್ಳಲಾರೆವು.

ವಿವೇಕದ ಪಕ್ಷವು ಮೊದಲು ಒಬ್ಬ ಮಿಸ್ತ್ರಿಯನ್ನು ಹುಡುಕಿತು. ಆತ ಬಾಗಲಕೋಟೆ ಕಡೆಯವನು. ಹುಡುಗನಾಗಿದ್ದಾಗಲೇ ಕುರ್ಲಾಕ್ಕೆ ಬಂದು, ಫಿಯಾಟ್ ಟ್ಯಾಕ್ಸಿಗಳ ಕೆಳಗೆ ಮಲಗಿ ಮಲಗಿಯೇ ಮೀಸೆ ನರೆಸಿಕೊಂಡವನು. ನಮ್ಮ ಇಂಗಿತವನ್ನು ಕೇಳಿ ಆತ ಕೈಯ ಎಣ್ಣೆ ಒರಸಿಕೊಳ್ಳುತ್ತ ಹೇಳಿದ: ‘ಸಾಹೇಬ್ರ, ಅಕ್ಕಾರ, ಇಬ್ಬರೂ ಕೇಳ್ರಿ. ಬಣ್ಣಕ್ಕ ಮರುಳಾಗಬ್ಯಾಡ್ರಿ. ಬಣ್ಣ ಹಚ್ಚಾಂವ ನಮ್ಮಂಥಾವನ. ಗಾಡಿ ಎಷ್ಟ ಓಡೇತಿ ಅಂತ ಆಮ್ಯಾಲ ಕೇಳೂಣು. ಮೊದಲ ಎಲ್ಲಿ ನಿಂತಿತ್ತು ಅಂತ ಕೇಳ್ರಿ.’

ಈ ಮಾತಿನ ಅರ್ಥ ನಮಗೆ ಆಗ ಪೂರ್ತಿ ಹತ್ತಲಿಲ್ಲ. ಕಾರೆಂದರೆ ಓಡುವ ವಸ್ತು. ಅದು ನಿಂತ ಜಾಗವನ್ನು ಕೇಳುವುದೇಕೆ? ಆದರೂ ಒಂದು ದಿನದ ಕೂಲಿಗೆ ಒಪ್ಪಿಸಿಕೊಂಡೆವು. ತಾನು ಬ್ಯಾಟರಿ ದೀಪ, ಉದ್ದನೆಯ ಸ್ಕ್ರೂಡ್ರೈವರು, ಹಳೆಯ ಚಾಪೆ ತರುವೆನೆಂದ. ನಮಗೆ ಒಂದು ಅಯಸ್ಕಾಂತ ತರಲು ಹೇಳಿದ. ಮನೆಯಲ್ಲಿದ್ದ ಅಯಸ್ಕಾಂತವೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ತಿರುಪತಿ ತಿಮ್ಮಪ್ಪನೊಬ್ಬನೇ. ಅವನನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೊರಟೆವು.

ಮೊದಲನೆಯ ಕಾರು ಬಾಂದ್ರಾದಲ್ಲಿ, ಕಾರ್ಟರ್ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ. ಗಲ್ಲಿಯ ತುದಿಗೆ ಕಡಲು. ಇಳಿತದ ಹೊತ್ತು, ಕರಿಯ ಬಂಡೆಗಳ ನಡುವೆ ನೀರು ಮಿನುಗುತ್ತಿತ್ತು, ಗಾಳಿಯಲ್ಲಿ ಒಣಮೀನಿನ ವಾಸನೆಯಿತ್ತು. ಹಳೆಯ ಬಂಗಲೆಗಳ ಮರದ ಜಗುಲಿಗಳನ್ನು ನೋಡುತ್ತ ಹೋದರೆ, ಬಾದಾಮಿ ಮರದ ಕೆಳಗೆ ಕೆನೆ ಬಣ್ಣದ ಪದ್ಮಿನಿ ನಿಂತಿದೆ! 1992ರದು. ಹೊಸ ಬಣ್ಣ, ಹೊಳೆಯುವ ಬಂಪರು, ಸೀಟಿಗೆ ಕೆಂಪು ಹೊದಿಕೆ. ದಲಾಲನು ಬಾಗಿಲು ತೆರೆದು, ‘ಒಂದೇ ಕೈಯ ಗಾಡಿ, ಒಂದು ಲಕ್ಷ ಎಂಬತ್ತು ಸಾವಿರ’ ಎಂದ. ಉತ್ಸಾಹದ ಪಕ್ಷವು ಆಗಲೇ ಒಳಗೆ ಕೂತು ಸ್ಟಿಯರಿಂಗ್ ಹಿಡಿದಿತ್ತು.

ಮಿಸ್ತ್ರಿ ಮಾತಾಡದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ‘ನಾವು ಬರೂಕಿಂತ ಮೊದಲ ಚಾಲೂ ಮಾಡಿ ಇಟ್ಟಾರ’ ಎಂದು ನಮಗಷ್ಟೇ ಕೇಳುವಂತೆ ಹೇಳಿದ. ತಣ್ಣಗಿನ ಎಂಜಿನು ಏಳಲು ಎಷ್ಟು ತಕರಾರು ಮಾಡುತ್ತದೆ, ಏಳುವಾಗ ಎಂಥ ಹೊಗೆ ಉಗುಳುತ್ತದೆ ಎಂಬುದೇ ಅದರ ನಾಡಿ. ಮೊದಲೇ ಬಿಸಿ ಮಾಡಿಟ್ಟರೆ ನಾಡಿ ಸಿಗದು. ಅನಂತರ ತಿಮ್ಮಪ್ಪನ ಸರದಿ. ಮಾಡಿನ ಮೇಲೆ ನಿಂತ. ಬಾನೆಟ್ಟಿನ ಮೇಲೆ ನಿಂತ. ಬಾಗಿಲಿನ ಮೇಲರ್ಧದಲ್ಲಿಯೂ ನಿಂತ. ಬಾಗಿಲಿನ ಕೆಳಗಿನ ಅಂಚಿಗೆ ಬಂದಾಗ ಜಾರಿ ನೆಲಕ್ಕೆ ಬಿದ್ದ. ಚಕ್ರದ ಕಮಾನಿನಲ್ಲಿ ಬಿದ್ದ. ಮೆಟ್ಟಿಲಿನಂತಿರುವ ಕೆಳಪಟ್ಟಿಯಲ್ಲಿ ಎರಡು ಸಲ ಬಿದ್ದ. ದೇವರು ನಿಂತಲ್ಲಿ ಉಕ್ಕು. ದೇವರು ಬಿದ್ದಲ್ಲಿ ಪುಟ್ಟಿ. ಕಬ್ಬಿಣ ತಿಂದುಹೋದ ಕಡೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದರು.

ಮಿಸ್ತ್ರಿ ಚಾಪೆ ಹಾಸಿ ಕಾರಿನ ಕೆಳಗೆ ಸರಿದು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದ. ಗಟ್ಟಿ ಉಕ್ಕು ಘಂಟೆಯಂತೆ ನುಡಿಯಬೇಕು. ಇದು ಹಳೆಯ ಮಡಕೆಯಂತೆ ಗೊರಗೊರ ಎಂದಿತು. ಕೆಂಪು ಹಪ್ಪಳಗಳು ಆತನ ಎದೆಯ ಮೇಲೆ ಉದುರಿದವು. ಮುಂದಿನ ಸೀಟಿನ ಕೆಳಗಿನ ಹಾಸನ್ನು ನಾವು ಎತ್ತಿ ನೋಡಿದಾಗ, ಕಾಸಗಲದ ತೂತಿನ ಮೂಲಕ ಬಾಂದ್ರಾದ ಭೂಮಿ ಕಂಡಿತು.

ನೆಲದಲ್ಲೊಂದು ತೂತಾದರೆ ತಗಡು ಬಡಿಯಬಹುದಲ್ಲ ಎಂದು ಕೇಳಿದೆವು. ಆಗ ಆತ ವಿವರಿಸಿದ್ದನ್ನು ವಾಚಕರು ಗಮನದಲ್ಲಿಡಬೇಕು. ಹಳೆಯ ಜೀಪಿನ ಅಡಿಯಲ್ಲಿ ಏಣಿಯಂಥ ಬೇರೆಯೇ ಚೌಕಟ್ಟು ಇರುತ್ತದೆ. ಮೈ ಕೊಳೆತರೂ ಚೌಕಟ್ಟು ಹೊರುತ್ತದೆ. ಫಿಯಾಟಿಗೆ ಅಂಥದಿಲ್ಲ. ನೆಲ, ಪಕ್ಕದ ಕೆಳಪಟ್ಟಿ, ಕಂಬ, ಮಾಡು ಎಲ್ಲವೂ ಬೆಸೆದುಕೊಂಡು ಒಂದೇ ಪೆಟ್ಟಿಗೆಯಂತೆ ಭಾರ ಹೊರುತ್ತವೆ. ಎಂಜಿನು ಕೆಟ್ಟರೆ ಇಳಿಸಿ ಕಟ್ಟಬಹುದು. ಕೆಳಪಟ್ಟಿ ತುಕ್ಕು ತಿಂದರೆ ಕಾರಿನ ಬೆನ್ನೆಲುಬೇ ತುಕ್ಕು ತಿಂದಂತೆ. ಅಪಘಾತವಾದರೆ ಒಳಗಿದ್ದವರನ್ನು ಕಾಯುವುದೂ ಅದೇ. ಬಾಂದ್ರಾದ ಈ ಕಾರು ಮೂವತ್ತೆರಡು ವರ್ಷ ಕಡಲಿಗೆ ಮುಖ ಮಾಡಿ ನಿಂತಿತ್ತು. ಉಪ್ಪು ಗಾಳಿಯ ತೇವವನ್ನು ಹೀರಿ ಲೋಹಕ್ಕೆ ಅಂಟಿಸಿ ಹಿಡಿಯುತ್ತದೆ. ತುಕ್ಕಿಗೆ ಬೇರೆ ಆಮಂತ್ರಣ ಬೇಡ. ಹತ್ತಿರದ ಬಂಗಲೆಯ ಕಿಟಕಿಯ ಸರಳುಗಳನ್ನು ನೋಡಿದೆವು. ಅವೂ ಹಾಗೆಯೇ ಉಬ್ಬಿ ಒಡೆದಿದ್ದವು. ಕಾರಿಗೂ ಕಿಟಕಿಗೂ ರೋಗ ಒಂದೇ.

ಎರಡನೆಯ ಕಾರು ಕಲೀನಾದಲ್ಲಿ. ಕುರ್ಲಾದಿಂದ ಸಾಂತಾಕ್ರೂಜಿನ ಕಡೆಗೆ ಹೋಗುವ ರಸ್ತೆಯ ಎರಡೂ ಬದಿ ಹಳೆಯ ಕಾರುಗಳ ಬಿಡಿಭಾಗಗಳ ಅಂಗಡಿಗಳು: ಗೋಡೆಗೆ ತೂಗಿಸಿದ ಬಾಗಿಲುಗಳು, ರಾಶಿ ಹಾಕಿದ ಸ್ಟಿಯರಿಂಗುಗಳು, ಒಂಟಿ ಕಣ್ಣಿನ ದೀಪಗಳು. ಆ ಅಂಗಡಿಗಳನ್ನು ದಾಟಿ ಒಂದು ಹಳೆಯ ಕಾಲನಿಯ ಅಂಗಳಕ್ಕೆ ಹೋದೆವು. 1997ರ ಬಿಳಿಯ ಪದ್ಮಿನಿ. ಇಲ್ಲಿ ದಲಾಲನಿಲ್ಲ, ಮಾಲೀಕರೇ ಇದ್ದರು, ನಿವೃತ್ತ ಗುಮಾಸ್ತರು. ಬೆಲೆ ಒಂದು ಲಕ್ಷ ಹತ್ತು ಸಾವಿರ. ನಮಗೆ ಚಹಾ ಕೊಟ್ಟರು. ಎಂಜಿನು ತಣ್ಣಗಿತ್ತು, ಚೋಕ್ ಎಳೆದು ಕೀಲಿ ತಿರುವಿದಾಗ ಎರಡನೆಯ ಸಲಕ್ಕೆ ಎದ್ದಿತು. ಹೊಗೆಯನ್ನು ನೋಡಿದೆವು. ನೀಲಿ ಹೊಗೆಯಾದರೆ ಎಂಜಿನು ಎಣ್ಣೆ ಸುಡುತ್ತಿದೆಯೆಂದು ಅರ್ಥ. ಕಪ್ಪಾದರೆ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ. ಬಿಳಿ ಹೊಗೆ ಎಂಜಿನು ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿದೆ. ಇದರಲ್ಲಿ ಮೂರೂ ಇರಲಿಲ್ಲ. ತಿಮ್ಮಪ್ಪ ಎಲ್ಲ ಕಡೆಯೂ ನಿಂತ. ಈ ಸಲ ವಿವೇಕದ ಪಕ್ಷವೇ ಕೈಚೀಲದತ್ತ ನೋಡಿತು.

ಮಿಸ್ತ್ರಿ ಮಾತ್ರ ನಾಲ್ಕೂ ಗಾಜು ಏರಿಸಿ, ಒಳಗೆ ಒಬ್ಬನೇ ಐದು ನಿಮಿಷ ಕೂತ. ಹೊರಬಂದು, ‘ಅಕ್ಕಾರ, ನೀವು ಕೂತು ಮೂಗಿಲೆ ನೋಡ್ರಿ’ ಎಂದ. ಕೂತೆವು. ಮಳೆಗಾಲದಲ್ಲಿ ಮುಚ್ಚಿಟ್ಟ ಟ್ರಂಕನ್ನು ದೀಪಾವಳಿಗೆ ತೆರೆದಾಗ ಬರುವ ವಾಸನೆ! ಹಿಂದಿನ ಸೀಟು ಎತ್ತಿಸಿದ. ಸೀಟಿನ ಸುರುಳಿ ಕಂಬಿಗಳು ಒಂದೇ ಮಟ್ಟದವರೆಗೆ ಕೆಂಪಾಗಿದ್ದವು, ಅದರ ಮೇಲೆ ಕರ್ರಗಿದ್ದವು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಮೂಲೆಗೆ ಬೆರಳು ಹಾಕಿ ಒಣಗಿದ ನುಣ್ಣನೆಯ ಕೆಸರನ್ನು ಕೆರೆದು ತೆಗೆದ. ಡ್ಯಾಶ್‌ಬೋರ್ಡಿನ ಹಿಂದಿನ ತಂತಿಗಳ ತುದಿ ಹಸಿರು ಹಿಡಿದಿತ್ತು. ‘ಸಾಹೇಬ್ರ, ಈ ಗಾಡಿ ಮುಳುಗಿತ್ತೇನ್ರಿ?’ ಎಂದು ಕೇಳಿದ.

ಮಾಲೀಕರು ಗಾಬರಿಯಾದರು. ತಾವು ಅದನ್ನು ಕೊಂಡದ್ದು 2006ರಲ್ಲಿ. ಮುಳುಗಿದ್ದನ್ನು ಯಾರೂ ಹೇಳಿರಲಿಲ್ಲ ಎಂದರು. 2006 ಎಂದೊಡನೆ ಅಂಗಳದಲ್ಲಿ ನಿಂತವರೆಲ್ಲ ಒಂದೇ ದಿನವನ್ನು ನೆನೆದೆವು. 2005ರ ಜುಲೈ 26. ಅಂದು ಸಾಂತಾಕ್ರೂಜಿನ ಮಳೆಮಾಪಕದಲ್ಲಿ ಇಪ್ಪತ್ತನಾಲ್ಕು ತಾಸಿಗೆ 944 ಮಿಲಿಮೀಟರು ಮಳೆ. ಅದೇ ಹೊತ್ತಿಗೆ ಕೊಲಾಬಾದಲ್ಲಿ ಕೇವಲ 73. ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿಯಿಂದ ಹುಟ್ಟಿ ಬರುವ ಮಿಠೀ ಹೊಳೆಯು ಕುರ್ಲಾ, ಕಲೀನಾಗಳನ್ನು ನುಂಗಿತ್ತು. ಕಾರುಗಳೊಳಗೆ ಸಿಕ್ಕಿ ಸತ್ತವರೂ ಇದ್ದರು. ನೀರಿಳಿದ ಮೇಲೆ ಎಷ್ಟೋ ಕಾರುಗಳನ್ನು ತೊಳೆದು, ಒಣಗಿಸಿ, ಕೈ ಬದಲಿಸಿದರು. ಹಾಗೆ ಬಂದ ಕಾರನ್ನು ಈ ಸಜ್ಜನರು ಹದಿನೆಂಟು ವರ್ಷ ಓಡಿಸಿದ್ದರು. ‘ಪ್ರತಿ ಮಳೆಗಾಲವೂ ದೀಪ ಆರುತ್ತಿತ್ತು, ಫ್ಯೂಸು ಸುಡುತ್ತಿತ್ತು. ನನ್ನ ಹಣೆಬರಹವೆಂದು ತಿಳಿದಿದ್ದೆ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನು ನೋಡಲು ಬಂದವರಿಗೆ ಇದನ್ನು ಹೇಳಿಯೇ ತೋರಿಸುತ್ತೇನೆ’ ಎಂದರು. ಕಾರು ಬೇಡವಾಯಿತು, ಮನುಷ್ಯರು ಬೇಕೆನಿಸಿದರು. ಎರಡನೆಯ ಸಲ ಚಹಾ ಕುಡಿದು ಬಂದೆವು.

ದಾರಿಯಲ್ಲಿ ಮಿಸ್ತ್ರಿ ಹೇಳಿದ: ‘ಕಡಲ ಒಂದನ್ನ ತಿಂತು, ಹೊಳಿ ಒಂದನ್ನ ತಿಂತು. ಘಟ್ಟದ ಮ್ಯಾಲಿನ ಗಾಡಿ ನೋಡೂಣ್ರಿ.’

ಹೀಗೆ ಪುಣೆಗೆ ಹೋಗುವುದಾಯಿತು. 1930ರಲ್ಲಿ ಓಡತೊಡಗಿದ ದಖ್ಖನ್ನಿನ ರಾಣಿ ಪುಣೆಯವರನ್ನು ಬೆಳಿಗ್ಗೆ ಮುಂಬಯಿಗೆ ತಂದು ಸಂಜೆ ಮನೆಗೆ ಒಯ್ಯುವವಳು. ಬೆಳಿಗ್ಗೆ ಪುಣೆಗೆ ಹೋಗುವ ನಮ್ಮಂಥವರಿಗೆ ಅವಳು ಸಿಗಳು. ನಸುಕಿನಲ್ಲಿ ದಾದರಿನಿಂದ ಬೇರೊಂದು ಗಾಡಿ ಹಿಡಿದೆವು. ಕರ್ಜತಿನಲ್ಲಿ ಬಟಾಟೆ ವಡೆ ಕೊಂಡೆವು. ಅಲ್ಲಿಂದ ಬೋರ್ ಘಾಟು. 1863ರಲ್ಲಿ ಈ ಏರನ್ನು ರೈಲಿಗೆ ತೆರೆದರು. ಸುರಂಗ ಮುಗಿದು ಕಣಿವೆ, ಕಣಿವೆ ಮುಗಿದು ಸುರಂಗ. ಲೋಣಾವಳೆ ಬರುವಷ್ಟರಲ್ಲಿ ಶಾಲು ಹೊದೆಯಬೇಕಾಯಿತು. ಮಿಸ್ತ್ರಿ ಕಿಟಕಿಯಲ್ಲಿ ಕೂತು ಗಾಡಿಯ ಸಪ್ಪಳ ಕೇಳುತ್ತಿದ್ದ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರು ಎತ್ತರದಲ್ಲಿದೆ. ಮುಂಬಯಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಇಲ್ಲಿ ಏಳುನೂರರ ಆಸುಪಾಸು. ಸಹ್ಯಾದ್ರಿಯು ಮೋಡವನ್ನು ಆಚೆಯೇ ಹಿಂಡಿಬಿಡುತ್ತದೆ. ಗಾಳಿಯಲ್ಲಿ ಉಪ್ಪಿಲ್ಲ. ಕಬ್ಬಿಣಕ್ಕೆ ಇದು ಆರೋಗ್ಯಧಾಮ.

ಎರಂಡವಣೆಯಲ್ಲಿ ಕಲ್ಲಿನ ಗೋಡೆಯ ಒಂದು ಹಳೆಯ ಬಂಗಲೆ. ಅಂಗಳದಲ್ಲಿ ಮಾವು, ಪಾರಿಜಾತ. ಮಾಲೀಕರು ಎಂಬತ್ತರ ಹತ್ತಿರದ ಆಜಿಬಾಯಿ. ನೂಲಿನ ಸೀರೆ, ಕೈಯಲ್ಲಿ ಗ್ಯಾರೇಜಿನ ಕೀಲಿ. ಪತಿ ತೀರಿಕೊಂಡು ಎರಡು ವರ್ಷ. ಅವರು ಹಣ ಕಟ್ಟಿ ವರ್ಷಗಟ್ಟಲೆ ಕಾದು 1984ರಲ್ಲಿ ಪಡೆದ ಕಾರು. ಆಗ ಕಾರಿಗೆ ಹೆಸರು ಬರೆಸಿ ಕಾಯುವುದು ವಾಡಿಕೆಯೇ ಆಗಿತ್ತು. ಗ್ಯಾರೇಜಿನ ಬಾಗಿಲು ತೆರೆದಾಗ ನಮಗೆ ನಿರಾಶೆಯಾಯಿತು. ಬೂದು ಬಣ್ಣ ಮಂಕಾಗಿದೆ, ಬಂಪರು ಹೊಳೆಯುವುದಿಲ್ಲ, ಎಡ ಬಾಗಿಲಿಗೆ ಗೀರು. ಬಾಂದ್ರಾದ ಚೆಲುವೆಯ ಮುಂದೆ ಇದು ಬಡ ಹುಡುಗಿ.

ತಿಮ್ಮಪ್ಪ ಎಲ್ಲೆಲ್ಲಿ ಇಟ್ಟರೂ ಗಟ್ಟಿಯಾಗಿ ನಿಂತ. ಮಿಸ್ತ್ರಿ ಕೆಳಗೆ ಮಲಗಿ ತಟ್ಟಿದ, ಉಕ್ಕು ನುಡಿಯಿತು. ಹಾಸಿನ ಕೆಳಗೆ ಧೂಳಿತ್ತು, ತುಕ್ಕಿರಲಿಲ್ಲ. ದೀಪ ಹಿಡಿದು ಒಂದೊಂದೇ ಹೇಳತೊಡಗಿದ. ನಾವು ಕಾಗದದ ಮೇಲೆ ಬರೆದುಕೊಂಡೆವು. ಟೈರುಗಳ ಹಲ್ಲು ಆಳವಾಗಿಯೇ ಇತ್ತು. ಆದರೆ ಟೈರಿನ ಕೆನ್ನೆಯ ಮೇಲೆ ಒತ್ತಿದ ನಾಲ್ಕು ಅಂಕೆ 1409. ಅಂದರೆ 2009ರ ಹದಿನಾಲ್ಕನೆಯ ವಾರದಲ್ಲಿ ಹುಟ್ಟಿದ ಟೈರು. ಹದಿನೈದು ವರ್ಷಕ್ಕೆ ರಬ್ಬರು ಕಲ್ಲಾಗಿರುತ್ತದೆ, ಬದಲಿಸಲೇಬೇಕು. ಪೆಟ್ರೋಲಿನ ರಬ್ಬರು ನಳಿಗೆಗಳಲ್ಲಿ ಬಿರುಕು. ಈಗಿನ ಎಥೆನಾಲ್ ಬೆರೆತ ಪೆಟ್ರೋಲನ್ನು ಹಳೆಯ ರಬ್ಬರು ತಾಳುವುದಿಲ್ಲ; ಬೆಂಕಿಯ ಭಯವಿರುವ ಮಾತಾದ್ದರಿಂದ ಇದು ಮೊದಲ ಕೆಲಸ. ಎಂಜಿನಿನ ಹಿಂಭಾಗದಲ್ಲಿ ಎಣ್ಣೆ ಜಿನುಗು. ಮುಂದಿನ ಚಕ್ರವನ್ನು ಜ್ಯಾಕಿನ ಮೇಲೆತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಸಣ್ಣ ಕಟಕಟ. ಎಣ್ಣೆಯ ಮುಚ್ಚಳದ ಅಡಿಯಲ್ಲಿ ಹಾಲಿನಂಥ ನೊರೆಯಿರಲಿಲ್ಲ; ಇದ್ದಿದ್ದರೆ ನೀರು ಎಣ್ಣೆಗೆ ಸೇರಿದೆಯೆಂದು ಅರ್ಥ. ಎಲ್ಲ ಸೇರಿ ನಲ್ವತ್ತು ಸಾವಿರದ ಕೆಲಸ ಎಂದ.

ಆಮೇಲೆ ಓಡಿಸಿ ನೋಡುವುದು. ಆಜಿಬಾಯಿಯೂ ಬರುತ್ತೇನೆಂದು ಮುಂದೆ ಕೂತರು. 1089 ಸಿ.ಸಿ.ಯ ಎಂಜಿನು ಮುಂದೆ, ಅದರ ಬಲ ಹೋಗುವುದು ಹಿಂದಿನ ಚಕ್ರಕ್ಕೆ. ಗೇರು ಸ್ಟಿಯರಿಂಗಿನ ಪಕ್ಕದ ಕಡ್ಡಿಯಲ್ಲಿ. ಕಾತ್ರಜದ ಹಳೆಯ ಘಟ್ಟಕ್ಕೆ ಹೊರಟೆವು. ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಎಲ್ಲ ಕಾರೂ ಸಭ್ಯವೇ. ಏರಿನಲ್ಲಿಯೇ ಗುಣ ತಿಳಿಯುವುದು. ಎರಡನೆಯ ಗೇರಿನಲ್ಲಿ ಗುಂಯ್‌ಗುಡುತ್ತ ಏರಿತು. ಬಿಸಿಯ ಮುಳ್ಳು ಏರಿತು, ಆದರೆ ಕೆಂಪಿಗೆ ಹೋಗಲಿಲ್ಲ. ಇಳಿಜಾರಿನ ನಡುವೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆವು, ನಿಂತಿತು. ಅಲ್ಲಿಂದಲೇ ಮತ್ತೆ ಏರಿಸಿದೆವು, ಕ್ಲಚ್ಚು ಜಾರಲಿಲ್ಲ. ಇಳಿಯುವಾಗ ಎರಡನೆಯ ಗೇರು ತಾನಾಗಿ ಕಳಚಿಕೊಳ್ಳುತ್ತದೆಯೇ ನೋಡಿದೆವು, ಇಲ್ಲ. ಜನವಿಲ್ಲದ ಕಡೆ ಜೋರಾಗಿ ಬ್ರೇಕು ಒತ್ತಿದಾಗ ಮಾತ್ರ ಕಾರು ಎಡಕ್ಕೆ ಎಳೆಯಿತು. ಅದನ್ನೂ ಬರೆದುಕೊಂಡೆವು. ಘಟ್ಟದ ಮೇಲೆ ಇಳಿದು, ಕೆಳಗೆ ಹರಡಿದ ಪುಣೆಯನ್ನು ನೋಡುತ್ತ ನಿಂತಾಗ ಉತ್ಸಾಹ ಮತ್ತು ವಿವೇಕ ಎರಡೂ ಪಕ್ಷಗಳು ಮೊದಲ ಬಾರಿಗೆ ಒಂದಾಗಿದ್ದವು.

ಬಂಗಲೆಗೆ ಮರಳಿ ಕಾಗದಪತ್ರ ನೋಡಿದೆವು. ಎಂಜಿನಿನ ಮೇಲಿನ ನಂಬರನ್ನೂ ಚಾಸಿಸ್ಸಿನ ನಂಬರನ್ನೂ ಒರಸಿ ಆರ್.ಸಿ.ಯೊಡನೆ ಅಕ್ಷರ ಅಕ್ಷರ ಹೋಲಿಸಿದೆವು, ಸರಿಯಿತ್ತು. ಖಾಸಗಿ ಕಾರಿಗೆ ಮೊದಲ ನೋಂದಣಿ ಹದಿನೈದು ವರ್ಷ, ಆಮೇಲೆ ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಣ. ಇದರದು 2029ರವರೆಗೆ ಆಗಿತ್ತು. ಹಳೆಯ ಗಾಡಿಯ ಪರಿಸರ ತೆರಿಗೆಯೂ ಕಟ್ಟಿತ್ತು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರಿಗಷ್ಟೇ ‘ವಿಂಟೇಜ್’ ಎಂಬ ಗೌರವ. ನಲ್ವತ್ತರ ಕಾರಿಗೆ ಬರಿಯ ಮುಪ್ಪು. ಒಂದೇ ತೊಡಕೆಂದರೆ ಕಾರು ಇನ್ನೂ ತೀರಿಕೊಂಡ ಪತಿಯ ಹೆಸರಿನಲ್ಲಿಯೇ ಇತ್ತು. ಮೊದಲು 31ನೆಯ ನಮೂನೆಯಿಂದ ಆಜಿಬಾಯಿಯ ಹೆಸರಿಗೆ ಬರಬೇಕು. ಆಮೇಲೆ 29 ಮತ್ತು 30ನೆಯ ನಮೂನೆಗಳಿಂದ ನಮ್ಮ ಹೆಸರಿಗೆ. ಇದನ್ನು ನೋಡದೆ ಹಣ ಕೊಟ್ಟವರು ಕಚೇರಿಯ ಮೆಟ್ಟಿಲು ಸವೆಸುತ್ತಾರೆ. ಬೆಲೆ ಒಂದು ಲಕ್ಷ ನಲ್ವತ್ತು ಸಾವಿರ. ಆಜಿಬಾಯಿ ಟೈರಿನ ದುಡ್ಡನ್ನು ತಾವಾಗಿಯೇ ಬಿಟ್ಟುಕೊಟ್ಟರು.

ನಾವು ಮುಂಗಡ ಕೊಡಲು ಕೈಚೀಲ ತೆರೆದೆವು. ಆಗ ಅವರು, ‘ನೀವು ಬೆಳಗಿನಿಂದ ಎಷ್ಟೋ ಕೇಳಿದಿರಿ. ನಾನೊಂದು ಕೇಳಬಹುದೇ? ಇದನ್ನು ಎಲ್ಲಿ ನಿಲ್ಲಿಸುತ್ತೀರಿ?’ ಎಂದರು.

‘ಮಾಹೀಮಿನಲ್ಲಿ’ ಎಂದೆವು.

‘ಮಾಹೀಮಿನಲ್ಲಿ ಎಲ್ಲಿ? ಗ್ಯಾರೇಜು ಇದೆಯೇ?’

ಇಲ್ಲ. ನಮ್ಮದು ಹಳೆಯ ಕಟ್ಟಡ, ಅಂಗಳವಿಲ್ಲ. ಕಾರಿದ್ದವರೆಲ್ಲ ರಸ್ತೆಯಲ್ಲೇ ನಿಲ್ಲಿಸುತ್ತಾರೆ. ಕಡಲು ಎರಡು ಗಲ್ಲಿ ಆಚೆ. ಮಿಠೀ ಹೊಳೆ ಬಂದು ಕಡಲಿಗೆ ಸೇರುವುದೂ ನಮ್ಮ ಮಾಹೀಮಿನ ಕೊಲ್ಲಿಯಲ್ಲಿಯೇ. ಬಾಂದ್ರಾದ ಕಾರನ್ನು ತಿಂದ ಗಾಳಿ, ಕಲೀನಾದ ಕಾರನ್ನು ಮುಳುಗಿಸಿದ ನೀರು, ಎರಡೂ ನಮ್ಮ ಮನೆಯ ಬಳಿಗೇ ಬಂದು ಕೂಡುತ್ತವೆ! ಮೂರು ಕಾರುಗಳ ಹೊಟ್ಟೆಯೊಳಗೆ ದೀಪ ಹಿಡಿದು ನೋಡಿದ ನಾವು ನಮ್ಮ ಮನೆಯ ಮುಂದಿನ ರಸ್ತೆಯನ್ನು ಮಾತ್ರ ನೋಡಿರಲಿಲ್ಲ. ಮಿಸ್ತ್ರಿಯ ಮುಖ ನೋಡಿದೆವು; ಆತ ಮಾವಿನ ಮರವನ್ನು ನೋಡುತ್ತಿದ್ದ.

ಆಜಿಬಾಯಿ ಬೇಡವೆನ್ನಲಿಲ್ಲ. ‘ವಾರಕ್ಕೊಮ್ಮೆ ಓಡಿಸಿ, ಮಳೆಗಾಲದಲ್ಲಿ ಹಲಗೆಯ ಮೇಲೆ ನಿಲ್ಲಿಸಿ ನಲ್ವತ್ತು ವರ್ಷ ಇಟ್ಟೆವು. ಒಂದು ವಾರ ಯೋಚಿಸಿ’ ಎಂದಷ್ಟೇ ಹೇಳಿದರು. ಹೆಣ್ಣು ನೋಡಲು ಹೋದವರನ್ನೇ ಹೆಣ್ಣಿನ ಮನೆಯವರು ನೋಡಿ ಕಳಿಸಿದಂತಾಯಿತು.

ಇಳಿಯುವ ಗಾಡಿಯಲ್ಲಿ ಲೆಕ್ಕ ಹಾಕಿದೆವು. ತಳಕ್ಕೆ ತುಕ್ಕು ತಡೆಯುವ ಲೇಪ ಹೊಡೆಸಬಹುದು. ಮೇಲೆ ಹೊದಿಕೆ ಹಾಕಬಹುದು; ಆದರೆ ಅದು ಮಳೆಯನ್ನು ತಡೆದೀತೇ ಹೊರತು ಕೆಳಗಿನ ತೇವವನ್ನಲ್ಲ. ದೂರದ ಉಪನಗರದಲ್ಲಿ ಮುಚ್ಚಿದ ಜಾಗ ಬಾಡಿಗೆಗೆ ಹಿಡಿದರೆ, ಅವ್ವನನ್ನು ಕಾರಿನಲ್ಲಿ ಕೂಡಿಸಲು ಮೊದಲು ಲೋಕಲ್ ಗಾಡಿಯಲ್ಲಿ ಒಯ್ಯಬೇಕು. ಕರ್ಜತ್ ಬಂದಾಗ ಮಿಸ್ತ್ರಿ ಬಾಯಿಬಿಟ್ಟ: ‘ಕೆಲಸ ಸಿಕ್ಕರ ನನಗೂ ಬೇಕ್ರಿ. ಆದರ ನಾಕ ಮಳಿಗಾಲ ಕಳದರ ಅದೂ ಬಾಂದ್ರಾದ ಗಾಡಿ ಆಕ್ಕೈತಿ.’ ತನ್ನ ನಲ್ವತ್ತು ಸಾವಿರದ ಕೆಲಸವನ್ನು ತಾನೇ ಕಳೆದುಕೊಂಡು ಹೇಳಿದ ಮಾತು ಅದು. ಆತನಿಗೆ ಕೊಟ್ಟ ಕೂಲಿಗಿಂತ ಹೆಚ್ಚು ಬೆಲೆಬಾಳುವ ವಸ್ತುವನ್ನು ಆ ತಿರುಗಾಟದಲ್ಲಿ ನಾವು ಕೊಳ್ಳಲಿಲ್ಲ.

ವಾರದ ಮೇಲೆ ಆಜಿಬಾಯಿಗೆ ಫೋನು ಮಾಡಿ, ಕಾರು ನಿಮ್ಮದು ಒಳ್ಳೆಯದು, ಜಾಗ ನಮ್ಮದು ಒಳ್ಳೆಯದಲ್ಲ, ಎಂದು ಇದ್ದಂತೆ ಹೇಳಿದೆವು. ಅವ್ವನ ಆಸೆಯನ್ನೂ ಹೇಳಿದೆವು. ‘ಹಾಗಾದರೆ ಕಾರಿಗಿಂತ ಮೊದಲು ಅವರನ್ನಲ್ಲವೇ ಕರೆತರಬೇಕಾಗಿತ್ತು?’ ಎಂದು ಅವರು ಗದರಿಸಿದರು.

2025ರ ಜನವರಿಯಲ್ಲಿ ಅವ್ವನನ್ನು ದಖ್ಖನ್ನಿನ ರಾಣಿಯಲ್ಲಿ ಪುಣೆಗೆ ಕರೆದೊಯ್ದೆವು. ಆ ಹೊತ್ತಿಗೆ ಬೂದು ಬಣ್ಣದ ಕಾರು ಆಜಿಬಾಯಿಯ ಓಣಿಯಲ್ಲೇ ಇರುವ ಒಬ್ಬ ತರುಣನಿಗೆ ಗೊತ್ತಾಗಿತ್ತು. ಅವನ ಮನೆಗೂ ಕಲ್ಲಿನ ಗ್ಯಾರೇಜು ಇದೆ. ನಮ್ಮ ಪಟ್ಟಿಯನ್ನು ಅವನಿಗೆ ಕೊಟ್ಟಿದ್ದೆವು; ಟೈರು, ನಳಿಗೆ, ಬ್ರೇಕು ಎಲ್ಲ ಮಾಡಿಸಿದ್ದ. ಮರುದಿನ ಬೆಳಿಗ್ಗೆ ಅವನೇ ಓಡಿಸಿದ. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಆಜಿಬಾಯಿ, ನಡುವೆ ಹಪ್ಪಳದ ಡಬ್ಬಿ. ಮೊಣಕಾಲು ನೋವಿನ ಅವ್ವ ಯಾರ ಕೈಯನ್ನೂ ಹಿಡಿಯದೆ, ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂತಳು. ಪರ್ವತಿಯ ಬುಡದವರೆಗೆ ಹೋಗಿ, ಬೆಟ್ಟಕ್ಕೆ ಕೆಳಗಿನಿಂದಲೇ ಕೈಮುಗಿದು ಬಂದೆವು. ದಾರಿಯುದ್ದಕ್ಕೂ ಇಬ್ಬರೂ ಮರಾಠಿಯಲ್ಲಿ ಮಾತಾಡಿದ್ದು ಕಾರಿನ ಬಗ್ಗೆ ಅಲ್ಲ, ಮಕ್ಕಳ ಬಗ್ಗೆ.

ಬಂಗಲೆಯ ಮುಂದೆ ಕಾರು ನಿಂತಿತು. ಅವ್ವ ಇಳಿದವಳು ಎಡಗಡೆಯ ಹೊರಮೈಯನ್ನು ಒಮ್ಮೆ ನೋಡಿದಳು, ಮೀಟರು ಇರಲಿಲ್ಲ. ಆಮೇಲೆ ಸೊಂಟದ ಚೀಲ ಬಿಚ್ಚುತ್ತ ಆ ತರುಣನಿಗೆ ಗಂಭೀರವಾಗಿ ಕೇಳಿದಳು:

‘ಎಷ್ಟಾತಪಾ?’